ಹುಣಸೆಹಣ್ಣಿನಲ್ಲಿ ಬೆಳಗಿದ ಹಿತ್ತಾಳೆ

ಸತ್ತುಹೋದ ಮಗನ ಹೆಬ್ಬೆರಳಿನ ಗುರುತೊಂದನ್ನು ಒಬ್ಬ ತಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಹಿತ್ತಾಳೆಯ ರಿವಾಲ್ವರಿನ ಮೇಲೆ ಕಾಪಾಡಿಕೊಂಡು ಬಂದಿದ್ದರು. ಅದನ್ನು ನಾನು ಹುಣಸೆಹಣ್ಣು, ಉಪ್ಪು ಹಚ್ಚಿ, ಪಾಲಿಶ್ ಪೇಪರು ಆಡಿಸಿ ಅರ್ಧ ಗಂಟೆಯಲ್ಲಿ ತಿಕ್ಕಿ ತೆಗೆದೆ. ಬೇಡ ಎಂದು ಅವರು ಎರಡು ಸಲ ಹೇಳಿದ್ದರು. ಕೇಳಿಸಿಕೊಂಡೇ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಹೇಳುವ ಜಾಣತನ ನನಗಿಲ್ಲ. ಅಲ್ಲದೆ ಓದುವವರು ನಡುವೆ ಎಲ್ಲೋ ನನ್ನನ್ನು ಒಳ್ಳೆಯವಳೆಂದು ತಿಳಿದುಕೊಳ್ಳುವುದೂ ನನಗೆ ಬೇಕಿಲ್ಲ.

ಆಗ ನಾವು ನ್ಯೂಜೆರ್ಸಿಯ ಮಾರಿಸ್‌ಟೌನಿನ ಹತ್ತಿರ ಒಂದು ಹಳೆಯ ಮರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆ ಮುಗಿದಿತ್ತು, ಆದರೂ ಐಟಿಯವರ ಕಾಲು ಇನ್ನೂ ನೆಲದ ಮೇಲೆ ನಿಂತಿರಲಿಲ್ಲ. ಭಾನುವಾರ ಯಾರ ಮನೆಗೆ ಹೋದರೂ ಗಂಡಸರದು ಸ್ಟಾಕ್ ಮಾತು, ಹೆಂಗಸರದು ಟೌನ್‌ಹೌಸ್ ಮಾತು. ನನ್ನ ಗಂಡ ಕನ್ಸಲ್ಟಂಟ್. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ನನ್ನದು ಎಚ್-ಫೋರ್ ವೀಸಾ. ಅಂದರೆ ಗಂಡನ ಬೆನ್ನಿಗೆ ಬಂದವಳು. ಇಲ್ಲಿರಬಹುದು, ಉಣ್ಣಬಹುದು, ಮಲಗಬಹುದು, ದುಡಿಯುವಂತಿಲ್ಲ.

ಹುಬ್ಬಳ್ಳಿಯಲ್ಲಿ ನಾನು ಪಂಪು ಮಾಡುವ ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಓದಿದ್ದು ಮೆಕ್ಯಾನಿಕಲ್. ಶಾಪ್ ಫ್ಲೋರಿನಲ್ಲಿ ನಿಂತು ವರ್ನಿಯರ್ ಹಿಡಿದು ಶಾಫ್ಟ್ ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ವಾಪಸ್ ಕಳಿಸುತ್ತಿದ್ದವಳು. ನನ್ನ ಬಾಯಿಗೆ ಹೆದರಿ ಟರ್ನರುಗಳು ಟೀ ಕುಡಿಯುವ ಹೊತ್ತು ಬದಲಾಯಿಸಿಕೊಂಡಿದ್ದರು. ಅಂಥವಳು ನ್ಯೂಜೆರ್ಸಿಗೆ ಬಂದು ದಿನಕ್ಕೆ ಎರಡು ಸಲ ನೆಲ ಒರೆಸತೊಡಗಿದೆ. ಒರೆಸುವುದಕ್ಕೂ ಏನೂ ಇಲ್ಲದಾಗ ಬಚ್ಚಲಿನ ನಲ್ಲಿ ಬಿಚ್ಚಿ, ವಾಷರ್ ತೊಳೆದು, ಮತ್ತೆ ಜೋಡಿಸುತ್ತಿದ್ದೆ. ಒಂದು ಮಧ್ಯಾಹ್ನ ಅದೇ ನಲ್ಲಿಯನ್ನು ಮೂರನೆಯ ಸಲ ಬಿಚ್ಚಿ ಕೂತಾಗ ನನಗೆ ನನ್ನ ಮೇಲೆಯೇ ಭಯವಾಯಿತು. ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ಕೇಳುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಬಾಗಿಲು ಹಾಕಿಕೊಂಡಿದ್ದೆ.

ಮನೆಯ ಮಾಲೀಕರು ಕೆಳಗಿನ ಭಾಗದಲ್ಲಿದ್ದರು. ಎಪ್ಪತ್ತು ದಾಟಿದ ಅಮೆರಿಕನ್. ಹೆಂಡತಿ ಇರಲಿಲ್ಲ. ಕಾರ್ಖಾನೆಯೊಂದರ ಉಪಕರಣ ಮಾಡುವ ಟೂಲ್ ರೂಮಿನಲ್ಲಿ ಜೀವಮಾನವಿಡೀ ದುಡಿದು ರಿಟೈರ್ ಆದವರು. ಹೆಸರು ಹಿಡಿದು ಕರೆ ಎಂದು ಮೊದಲ ದಿನವೇ ಹೇಳಿದ್ದರು. ಅಪ್ಪನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ನಮ್ಮವರು ಯಾವ ಹಿರಿಯರನ್ನು ಕಂಡರೂ ಅನ್ನುವ ಹಾಗೆ ಅಂಕಲ್ ಎಂದೆ. ಅವರು ನಕ್ಕರು.

ಚಳಿಗಾಲದಲ್ಲಿ ಒಂದು ದಿನ ಮನೆ ಬಿಸಿಯಾಗಲಿಲ್ಲ. ಹೇಳೋಣವೆಂದು ಬೇಸ್‌ಮೆಂಟಿಗೆ ಇಳಿದೆ. ಅಂಕಲ್ ದೀಪದ ಕೆಳಗೆ ಬೆಂಚಿನ ಮುಂದೆ ಕೂತಿದ್ದರು. ಮುಂದೆ ಟವೆಲ್ಲಿನ ಮೇಲೆ ಒಂದು ರಿವಾಲ್ವರನ್ನು ಬಿಚ್ಚಿ ಹರಡಿದ್ದರು. ಸಿನಿಮಾ ಬಿಟ್ಟರೆ ಬೇರೆಲ್ಲೂ ಪಿಸ್ತೂಲು ಕಂಡವಳಲ್ಲ ನಾನು, ಆದರೆ ಹೆದರಲಿಲ್ಲ. ಬಿಚ್ಚಿಟ್ಟ ಯಾವ ಯಂತ್ರವೂ ನನ್ನನ್ನು ಹೆದರಿಸುವುದಿಲ್ಲ. ಅವರು ಒಂದು ಸಣ್ಣ ಸ್ಕ್ರೂ ಕೂಡಿಸಲು ನೋಡುತ್ತಿದ್ದರು. ಕೈ ನಡುಗುತ್ತಿತ್ತು. ಸ್ಕ್ರೂಡ್ರೈವರ್ ಜಾರಿ ಜಾರಿ ಸ್ಕ್ರೂವಿನ ತಲೆ ಹಾಳಾಗುತ್ತಿತ್ತು. ಎರಡು ನಿಮಿಷ ನೋಡಿದೆ. ಮೂರನೆಯ ನಿಮಿಷಕ್ಕೆ ನನ್ನ ಸಹನೆ ಮುಗಿಯಿತು. "ಕೊಡ್ರಿ ಇಲ್ಲೆ!" ಎಂದು ಕನ್ನಡದಲ್ಲೇ ಗದರಿ ಅವರ ಕೈಯಿಂದ ಕಿತ್ತುಕೊಂಡು ಕೂಡಿಸಿಬಿಟ್ಟೆ.

ಅಂಕಲ್ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಎಲ್ಲಿ ಕಲಿತೆ?" ಎಂದು ಕೇಳಿದರು. ಹೇಳಿದೆ. ಬೆಂಚಿನ ಇನ್ನೊಂದು ಬದಿಗೆ ಒಂದು ಸ್ಟೂಲು ಎಳೆದು ಹಾಕಿದರು. ನಾನು ಹೀಟಿಂಗ್ ವಿಷಯ ಮರೆತೇಬಿಟ್ಟೆ. ಸಂಜೆ ಗಂಡ ಬಂದು ನಡುಗುತ್ತಾ ಬೈದಾಗಲೇ ಅದು ನೆನಪಾದದ್ದು.

ಅವು ನಿಜವಾದ ಹಳೆಯ ರಿವಾಲ್ವರುಗಳಲ್ಲ. ಸುಮಾರು ನೂರೈವತ್ತು ವರ್ಷದ ಹಿಂದೆ ಅಮೆರಿಕದ ಒಳಯುದ್ಧದ ಕಾಲದಲ್ಲಿದ್ದ ಮಾದರಿಯನ್ನು ನೋಡಿ ಈಗಿನವರು ಮಾಡಿದ ನಕಲುಗಳು. ಬ್ಯಾರೆಲ್ಲು, ಗುಂಡು ತುಂಬುವ ಸಿಲಿಂಡರು ಉಕ್ಕಿನವು, ಅವನ್ನು ಹಿಡಿದಿರುವ ಚೌಕಟ್ಟು ಹಿತ್ತಾಳೆಯದು, ಹಿಡಿ ಮರದ್ದು. ಅಂಕಲ್ ಮತ್ತು ಅವರ ಕ್ಲಬ್ಬಿನ ನಾಲ್ಕೈದು ಮುದುಕರು ಅವುಗಳಲ್ಲಿ ಕರಿಮದ್ದು ತುಂಬಿ ಗುರಿ ಹೊಡೆಯುತ್ತಿದ್ದರು. ಕರಿಮದ್ದು ಸುಟ್ಟ ಮೇಲೆ ಉಳಿಯುವ ಕಿಟ್ಟ ಲೋಹ ತಿನ್ನುವಂಥದು. ಅದೇ ದಿನ ಬಿಸಿ ಸಾಬೂನು ನೀರಿನಲ್ಲಿ ತೊಳೆಯದಿದ್ದರೆ ಮರುದಿನಕ್ಕೆ ಜಂಗು. ಹಾಗೆ ಜಂಗು ಹಿಡಿದವು, ಬಣ್ಣ ಹೋದವು, ಹಿಡಿ ಒಡೆದವು ಎಲ್ಲ ಅಂಕಲ್ ಬೆಂಚಿಗೆ ಬರುತ್ತಿದ್ದವು. ಅವರ ಕೈ ನಡುಗತೊಡಗಿದ ಮೇಲೆ ಅವು ಬಂದು ಸುಮ್ಮನೆ ಕೂತಿದ್ದವು.

ನಾನು ಕೂತೆ. ಉಕ್ಕಿನ ಹಳೆಯ ಬಣ್ಣವನ್ನು ವಿನೆಗರಿನಲ್ಲಿ ಬಿಡಿಸುವುದು, ಪಾಲಿಶ್ ಪೇಪರನ್ನು ಒರಟಿನಿಂದ ನುಣುಪಿಗೆ ಒಂದೊಂದೇ ನಂಬರು ಇಳಿಸುತ್ತಾ ಉಜ್ಜುವುದು, ನೀಲಿಗಪ್ಪು ಬಣ್ಣದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಒಂದೇ ಕಡೆಗೆ ಎಳೆಯುವುದು, ಮರಕ್ಕೆ ಅಗಸೆ ಎಣ್ಣೆ ಕುಡಿಸುವುದು. ಎಲ್ಲ ಅವರು ಬಾಯಲ್ಲಿ ಹೇಳುತ್ತಿದ್ದರು, ನಾನು ಕೈಯಲ್ಲಿ ಮಾಡುತ್ತಿದ್ದೆ. ಹಿತ್ತಾಳೆಯ ವಿಷಯದಲ್ಲಿ ಮಾತ್ರ ನಾನೇ ಗುರು. ಅವರ ಡಬ್ಬಿಯ ಪಾಲಿಶ್ ನೋಡಿ ಮೂಗು ಮುರಿದೆ. ನಮ್ಮವರ ಅಂಗಡಿಗಳಿರುವ ಐಸೆಲಿನ್‌ಗೆ ಹೋದಾಗ ತಂದಿದ್ದ ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ದೇವರ ಮುಂದಿನ ದೀಪದ ಸಮೆ ತಿಕ್ಕಿದ ಹಾಗೆ ತಿಕ್ಕಿ ತೋರಿಸಿದೆ. ಚೌಕಟ್ಟು ಬಂಗಾರದ ಹಾಗೆ ಹೊಳೆಯಿತು. ಅಂಕಲ್ ಆ ಗೊಜ್ಜಿನ ಬಟ್ಟಲನ್ನು ಮೂಸಿ, ನಾಲಿಗೆಗೆ ಹಚ್ಚಿ, ಮುಖ ಕಿವುಚಿ, "ಇದು ಊಟವೋ ಕೆಮಿಕಲ್ಲೋ?" ಎಂದರು. ಎರಡೂ ಎಂದೆ.

ಗಂಡನಿಗೆ ಗೊತ್ತಾದ ದಿನ ರಾಮಾಯಣವೇ ಆಯಿತು.

"ಏನ್ ಮಾಡಾಕತ್ತೀ ನೀ? ಗ್ರೀನ್ ಕಾರ್ಡ್ ಫೈಲ್ ಮಾಡೇವಿ. ಪಿಸ್ತೂಲ್ ಹಿಡಕೊಂಡು ಕುಂತಿರ್ತಾಳ ಅಂತ ಯಾರರ ಹೇಳಿದ್ರ ಮುಗೀತು ನಮ್ಮ ಕತಿ!"

"ಹಿತ್ತಾಳಿ ತಿಕ್ಕಾಕತ್ತೇನ್ರೀ. ಭಾಂಡೆ ತಿಕ್ಕಾಕ ಯಾವ ವೀಸಾ ಬೇಕು?"

"ನಿನ್ನ ಜೋಡಿ ಮಾತಾಡೂದಂದ್ರ..." ಎಂದು ಅವರು ಅರ್ಧಕ್ಕೇ ಬಿಟ್ಟರು. ಅಂಕಲ್ ತಾವೇ ಮೇಲೆ ಬಂದು ಅವರನ್ನು ಕೂರಿಸಿಕೊಂಡು ಕಾಗದಪತ್ರ ತೋರಿಸಿದರು. ಎಲ್ಲ ತಮ್ಮ ಹೆಸರಿನಲ್ಲಿದೆ, ತಾವು ಮನೆಯಲ್ಲಿರುವಾಗ ಮಾತ್ರ ಇವಳು ಬೆಂಚಿಗೆ ಬರುತ್ತಾಳೆ, ಡೆಲವೇರ್ ನದಿಯ ಆಚೆಯ ರಾಜ್ಯದಲ್ಲಂತೂ ಇವನ್ನು ಬಂದೂಕೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದರು. ಗಂಡನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡು, ಸಂಜೆ ಹೊತ್ತು ಹಾಡು ಗುನುಗುವುದನ್ನು ಅವರೂ ಕಂಡಿದ್ದರು. ಬಾಯಿ ಮುಚ್ಚಿಕೊಂಡರು.

ವಸಂತ ಬಂದ ಮೇಲೆ ಶನಿವಾರಗಳಂದು ಅಂಕಲ್ ನನ್ನನ್ನು ನದಿಯಾಚೆ ಕ್ಲಬ್ಬಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಡ್ರೈವ್ ಮಾಡುವುದು ನಾನೇ. ಮೊದಲ ಸಲ ತುಂಬುವುದನ್ನು ನಿಧಾನವಾಗಿ ಕಲಿಸಿದರು. ಸಿಲಿಂಡರಿನ ಒಂದೊಂದು ಕುಳಿಗೂ ಅಳತೆಯಿಂದ ಮದ್ದು ಸುರಿ. ಹೆಚ್ಚು ಬೇಡ, ಹಿತ್ತಾಳೆ ಮೆದು, ಮದ್ದು ಹೆಚ್ಚಾದರೆ ಚೌಕಟ್ಟು ಜಗ್ಗುತ್ತದೆ. ಮೇಲೆ ಸೀಸದ ಗುಂಡಿಟ್ಟು ಬ್ಯಾರೆಲ್ಲಿನ ಕೆಳಗಿರುವ ಸನ್ನೆಕೋಲಿನಿಂದ ಒತ್ತು. ಗುಂಡು ಬಿಗಿಯಾಗಿ ಇಳಿದರೆ ಸೀಸದ ಒಂದು ತೆಳು ಉಂಗುರ ಕತ್ತರಿಸಿ ಹೊರಗೆ ಬೀಳುತ್ತದೆ, ಬಿದ್ದರೆ ಸರಿ. ಒಂದು ಕುಳಿಯ ಕಿಡಿ ಇನ್ನೊಂದಕ್ಕೆ ತಗಲದಂತೆ ಮೇಲೆ ಗ್ರೀಸ್ ಬಳಿ. ಕೊನೆಗೆ ಹಿಂದೆ ಕಿಡಿ ಹೊತ್ತಿಸುವ ಕೇಪು ಹಾಕು.

ಹೊಡೆದೆ. ಢಂ ಎಂದಿತು, ಕಣ್ಣ ಮುಂದೆ ಬರೀ ಬಿಳಿಹೊಗೆ. ಹೊಗೆ ಸರಿದಾಗ ಗುರಿಯ ಕಾಗದ ಹೇಗಿತ್ತೋ ಹಾಗೇ ಇತ್ತು. ದೀಪಾವಳಿಯ ಬೆಳಗಿನ ಓಣಿಯ ವಾಸನೆ ಮೂಗಿಗೆ ಬಂತು. ಐದನೆಯ ಗುಂಡು ಕಾಗದದ ಮೂಲೆ ಹರಿಯಿತು. "ಯವ್ವಾ, ಬಿತ್ತು! ಬಿತ್ತು!" ಎಂದು ಕೂಗಿ ಕುಣಿದೆ. ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಅಮೆರಿಕಕ್ಕೆ ಕಾಲಿಟ್ಟ ಮೇಲೆ ನಾನು ಕೂಗಿದ್ದು ಅದೇ ಮೊದಲು. ಇಂಥ ದಿನವನ್ನು ಕೊಟ್ಟವರಿಗೆ ನಾನು ಮಾಡಿದ್ದೇನು ಎಂದು ನೆನೆದರೆ ಈಗಲೂ ನನ್ನ ಕೈ ನನಗೇ ಬೇಡವಾಗುತ್ತದೆ.

ಬಯಲಿನಿಂದ ಬಂದ ಮೇಲೆ ಅಂಕಲ್ ಊಟ ನಮ್ಮಲ್ಲೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೊದಲ ಸಲ ಎರಡು ರೊಟ್ಟಿಗೆ ಸಾಕು ಎಂದರು. ನಾನು ಮೂರನೆಯದು ಹಾಕಿದೆ. ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಕೈಯ ಮೇಲೇ ಹಾಕಿದೆ. ಗಾಬರಿಯಾಗಿ ನನ್ನ ಗಂಡನ ಮುಖ ನೋಡಿದರು. ನಮ್ಮ ಕಡೆ ಹೀಗೇ ಎಂದು ಗಂಡ ವಿವರಿಸಿದರು: ಉಣ್ಣುವವರು ಬೇಡ ಅನ್ನಬೇಕು, ಬಡಿಸುವವರು ಬಿಡಬಾರದು. ಒಂದು ಸಲ ಬೇಡ ಎಂದದ್ದಕ್ಕೆ ಬಡಿಸುವವರು ಸುಮ್ಮನಾದರೆ, ಇವರಿಗೆ ಹಾಕುವ ಮನಸ್ಸೇ ಇರಲಿಲ್ಲ ಎಂದು ಅರ್ಥ. ಅಂಕಲ್ ಬಹಳ ಹೊತ್ತು ನಕ್ಕರು. ಆಮೇಲೆ ಅದನ್ನು ಆಟವಾಗಿ ಕಲಿತರು. "ನೋ, ನೋ, ನೋ" ಎನ್ನುತ್ತಾ ತಟ್ಟೆಯನ್ನು ಮುಂದೆ ಚಾಚುತ್ತಿದ್ದರು.

ಊಟದಲ್ಲಿ ಮಾತ್ರವಲ್ಲ. ಹಿಮ ನಾನೇ ತೆಗೆಯುತ್ತೇನೆ, ನೀನು ಬೇಡ ಎನ್ನುತ್ತಿದ್ದರು. ನಾನು ಸಲಿಕೆ ಹಿಡಿದು ತೆಗೆಯುತ್ತಿದ್ದೆ. ಕಿಟಕಿಯ ಕೊಂಡಿ ಇರಲಿ ಬಿಡು ಎನ್ನುತ್ತಿದ್ದರು; ಸರಿಮಾಡುತ್ತಿದ್ದೆ. ಪ್ರತಿಸಲವೂ ಅವರ ಮುಖ ಅರಳುತ್ತಿತ್ತು. ಬೇಡ ಎಂಬ ಅವರ ಮಾತನ್ನು ದಾಟುವುದೇ ಪ್ರೀತಿ ಎಂದು ನಾನು ತಿಳಿದೆ. ಅದು ತಪ್ಪೆಂದು ತಿಳಿಯಲು ಅವರು ಒಂದು ಸಲವೂ ಕಾರಣ ಕೊಟ್ಟಿರಲಿಲ್ಲ, ಆ ಒಂದು ಸಲದವರೆಗೆ.

ಬೇಸಿಗೆಯ ಕೊನೆಯಲ್ಲಿ ಅಂಕಲ್ ಬೆಂಚಿನ ಕೆಳಗಿನ ಡ್ರಾಯರಿನಿಂದ ಒಂದು ಕೆಂಪು ಬಟ್ಟೆಯ ಗಂಟು ತೆಗೆದರು. ಒಳಗೆ ಒಂದು ರಿವಾಲ್ವರ್. ಚೌಕಟ್ಟು ಕಂದುಗಪ್ಪಾಗಿತ್ತು. ಮಗ ಹದಿನೇಳನೆಯ ವಯಸ್ಸಿನಲ್ಲಿ ಬಿಡಿಭಾಗಗಳ ಡಬ್ಬಿ ತರಿಸಿ, ಇದೇ ಬೆಂಚಿನ ಮೇಲೆ ಅರದಿಂದ ಉಜ್ಜಿ ಜೋಡಿಸಿದ್ದು ಎಂದರು. ಮಗನ ಫೋಟೋ ಗೋಡೆಯ ಮೇಲಿತ್ತು. ಹತ್ತೊಂಬತ್ತಕ್ಕೆ, ಚಳಿಗಾಲದಲ್ಲಿ, ಹೈವೇಯ ಮಂಜುಗಡ್ಡೆಯ ಮೇಲೆ ಕಾರು ಜಾರಿ ಹೋದನೆಂದು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಅದರ ಬಗ್ಗೆ ಅವರು ಮಾತಾಡಿದವರಲ್ಲ, ನಾನು ಕೆದಕಿದವಳಲ್ಲ.

"ಮುಂದಿನ ವರ್ಷಕ್ಕೆ ಈ ಕೈ ಏನನ್ನೂ ಹಿಡಿಯುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ" ಎಂದರು. "ಅವನು ಹೋದ ಮೇಲೆ ಇದನ್ನು ಹೊಡೆದಿಲ್ಲ. ಕೈ ಇರುವಾಗ ಒಂದು ಸಲ ಹೊಡೀಬೇಕು. ಒಳಗಿನ ಸ್ಪ್ರಿಂಗು ಬದಲಿಸು. ಬ್ಯಾರೆಲ್ಲಿಗೆ ಬಣ್ಣ ಏರಿಸು. ಮರದ ಹಿಡಿ ಸರಿಮಾಡು. ಹಿತ್ತಾಳೆ ಬೇಡ, ಅದನ್ನು ಹಾಗೇ ಬಿಡು."

"ಯಾಕಂಕಲ್? ಎಲ್ಲಕ್ಕಿಂತ ಕೊಳೆಯಾಗಿರೋದು ಅದೇ."

"ಬಿಡು. ಅದನ್ನು ಮುಟ್ಟಬೇಡ" ಎಂದು ಮೆಲ್ಲಗೆ ನಕ್ಕರು.

ಆ ನಗು ನೋಡಿದೆ ನಾನು, ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿತ್ತಾಳೆ ತಿಕ್ಕುವುದೇ ಎಲ್ಲಕ್ಕಿಂತ ಕೈ ನೋಯುವ ಕೆಲಸ, ನನಗೇಕೆ ತೊಂದರೆ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ಮಗನ ವಸ್ತು. ಅದಕ್ಕೇ ಇನ್ನೂ ಹೆಚ್ಚು ಸಂಕೋಚ. ಉಳಿದದ್ದೆಲ್ಲ ಹೊಸದು ಮಾಡಿ, ಎದ್ದು ಕಾಣುವ ಹಿತ್ತಾಳೆಯನ್ನು ಕಪ್ಪಾಗಿ ಬಿಟ್ಟು ಆ ತಂದೆಯ ಕೈಗೆ ಕೊಡಲೇ? ನನಗೆ ಅಷ್ಟೂ ಮನಸ್ಸಿಲ್ಲವೇ? ಹೀಗೆ ಯೋಚಿಸಿದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅವರಿಗೆ ಹೊಸ ಮಾತ್ರೆ ಕೊಟ್ಟಿದ್ದರು. ಮಧ್ಯಾಹ್ನ ತೆಗೆದುಕೊಂಡರೆ ಎರಡು ಗಂಟೆ ಎಚ್ಚರವಿರುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಅವರು ತಮ್ಮ ಕೋಣೆಯಲ್ಲಿ ಮಲಗಿದ್ದಾಗ ಚೌಕಟ್ಟನ್ನು ಪೂರ್ತಿ ಬಿಚ್ಚಿ ಹುಣಸೆಹಣ್ಣಿನಲ್ಲಿ ಅದ್ದಿದೆ. ಕಪ್ಪು ಬಿಟ್ಟುಕೊಂಡು ಬಂತು. ಎಡಗಡೆ, ಹಿಡಿಯ ಮೇಲ್ಭಾಗದಲ್ಲಿ, ಒಂದು ಕಲೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಉದ್ದಕ್ಕೆ ದುಂಡಗೆ ಇತ್ತು. ಉಪ್ಪು ಹೆಚ್ಚು ಹಾಕಿ ತಿಕ್ಕಿದೆ. ಹೋಗಲಿಲ್ಲ. ನನಗೆ ಹಟ ಬಂತು. ದೀಪ ಹತ್ತಿರ ಎಳೆದು ಭೂತಗನ್ನಡಿಯಲ್ಲಿ ನೋಡಿದೆ. ಕಲೆಯೊಳಗೆ ಬಾಗಿದ ಸಣ್ಣ ಸಣ್ಣ ಗೆರೆಗಳಿದ್ದವು, ಒಂದರ ಪಕ್ಕ ಒಂದು. ಅರದ ಗೀರು ಎಂದುಕೊಂಡೆ. ಅರದ ಗೀರು ನೆಟ್ಟಗಿರುತ್ತದೆ, ಬಾಗುವುದಿಲ್ಲ. ಪಂಪು ಕಾರ್ಖಾನೆಯ ಯಾವ ಹುಡುಗನಿಗೂ ಗೊತ್ತಿರುವ ವಿಷಯ. ನಾನು ಮೆಕ್ಯಾನಿಕಲ್ ಇಂಜಿನಿಯರು! ನುಣುಪಿನ ಪೇಪರನ್ನು ನೀರಿನಲ್ಲಿ ಅದ್ದಿ ಆ ಗೆರೆಗಳ ಮೇಲೆ ಆಡಿಸಿದೆ. ಒಂದೊಂದಾಗಿ ಹೋದವು. ಹೋದ ಮೇಲೆ ಬಟ್ಟೆಯಿಂದ ಒರೆಸಿ, ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಜೋಡಿಸಿ, ಬಿಳಿ ಟವೆಲ್ಲಿನ ಮೇಲಿಟ್ಟು ಅವರ ಮುಂದೆ ಹಿಡಿದೆ. ಅಂದು ಬಯಲಿಗೆ ಹೋಗಬೇಕಿತ್ತು. ಅಂಕಲ್ ನೋಡಿದರು. ಕೈಗೆ ತೆಗೆದುಕೊಂಡು ಎಡಗಡೆಗೆ ತಿರುಗಿಸಿದರು. ದೀಪದ ಕೆಳಗೆ ವಾಲಿಸಿದರು. ಕನ್ನಡಕ ಹುಡುಕಿ ಹಾಕಿಕೊಂಡು ಮತ್ತೆ ವಾಲಿಸಿದರು. ಆಮೇಲೆ ಬಲಗಡೆ ನೋಡಿದರು, ತಾವೇ ಮರೆತಿರಬಹುದೇನೋ ಎನ್ನುವ ಹಾಗೆ.

"ಚೆನ್ನಾಗಿ ಮಾಡಿದ್ದೀಯ" ಎಂದು ಕೂತರು.

"ಏನಾಯ್ತು ಅಂಕಲ್?"

"ಏನಿಲ್ಲ. ಕೆಲಸ ಬಹಳ ಚೆನ್ನಾಗಿದೆ."

ಮತ್ತೆ ಮತ್ತೆ ಕೇಳಿದೆ. ಅಲ್ಲಿಯೂ ಬಿಡಲಿಲ್ಲ ನಾನು! ಆಗ ಹೇಳಿದರು. ಕೊನೆಯ ಸಲ ಇಬ್ಬರೂ ಒಟ್ಟಿಗೆ ಗುರಿ ಹೊಡೆದ ದಿನ, ಆ ಚಳಿಯಲ್ಲೂ ಮಗನ ಕೈಯೆಲ್ಲ ಬೆವರು, ಮದ್ದಿನ ಕಿಟ್ಟ. ಆ ಕೈಯಲ್ಲೇ ಹಿಡಿದು ಇದನ್ನು ಅಪ್ಪನ ಕೈಗೆ ಕೊಟ್ಟನಂತೆ, ನೀನೇ ತೊಳೆದಿಡು ಎಂದು. ಅಂದು ಬ್ಯಾರೆಲ್ಲು, ಸಿಲಿಂಡರು ಮಾತ್ರ ತೊಳೆದಿಟ್ಟಿದ್ದರು. ಮಾರನೆಯ ವಾರ ಅವನಿಲ್ಲ. ಆಮೇಲೆ ಯಾವಾಗಲೋ ನೋಡಿದರೆ ಬೆವರು ಹಿತ್ತಾಳೆಯನ್ನು ತಿಂದು ಹೆಬ್ಬೆರಳಿನ ಅಚ್ಚು ಮೂಡಿತ್ತು, ಗೆರೆಗೆರೆಯಾಗಿ. ಪ್ರತಿವರ್ಷ ಬ್ಯಾರೆಲ್ಲಿನ ಒಳಗೆ ಎಣ್ಣೆ ಹಾಕುತ್ತಿದ್ದರು. ಚೌಕಟ್ಟಿಗೆ ಮಾತ್ರ ಬಟ್ಟೆ ತಾಗಿಸಿರಲಿಲ್ಲ. ಹೊಡೆಯುವಾಗ ತಮ್ಮ ಹೆಬ್ಬೆರಳನ್ನು ಆ ಜಾಗದಲ್ಲೇ ಇಡಬೇಕೆಂದುಕೊಂಡಿದ್ದರು. ಇಷ್ಟನ್ನು ಅವರು ದನಿ ಏರಿಸದೆ ಹೇಳಿದರು.

ನಾನು ಕುಸಿದು ಅವರ ಕಾಲು ಹಿಡಿದೆ. ಅಂಕಲ್‌ಗೆ ಅದು ಏನೆಂದು ತಿಳಿಯಲಿಲ್ಲ. ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾಳೆ ಎಂದುಕೊಂಡು ತಾವೂ ಬಗ್ಗಿ ನೆಲ ನೋಡತೊಡಗಿದರು. "ಸ್ಕ್ರೂ ಬಿತ್ತಾ?" ಎಂದು ಕೇಳಿದರು. ಕ್ಷಮಿಸಿ, ಊಟದಲ್ಲಿ ಬೇಡ ಎಂದ ಹಾಗೆ ಹೇಳುತ್ತಿದ್ದೀರಿ ಅಂದುಕೊಂಡೆ ಎಂದು ಅಳುತ್ತಾ ಹೇಳಿದೆ. ಅವರು ರಿವಾಲ್ವರನ್ನು ಟವೆಲ್ಲಿನ ಮೇಲಿಟ್ಟು, "ಗೊತ್ತು. ಕಾರಣ ನಾನೇ ಹೇಳಬೇಕಿತ್ತು. ಹೇಳೋಕೆ ಆಗ್ತಿರಲಿಲ್ಲ" ಎಂದರು. ಬೈದಿದ್ದರೆ ನಾನು ಬದುಕುತ್ತಿದ್ದೆ.

ಸಂಜೆ ಗಂಡನಿಗೆ ಹೇಳಿದೆ.

"ಬ್ಯಾಡ ಅಂದಿದ್ರಲಾ ಅವರು?"

"ಅಂದಿದ್ರು. ಎರಡು ಸರ್ತಿ ಅಂದಿದ್ರು."

"ಮತ್ತ?"

"ಉಪಚಾರಕ್ಕ ಅಂದಾರ ಅಂತ ತಿಳಕೊಂಡೇನ್ರೀ."

ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಇಡೀ ಮಾರಿಸ್ ಕೌಂಟಿಯಲ್ಲಿ ನನ್ನ ತಪ್ಪು ಹೇಗೆ ಆಯಿತೆಂದು ಪೂರ್ತಿ ತಿಳಿದ ಮನುಷ್ಯ ಅವರೊಬ್ಬರೇ. ತಿಳಿದರೂ ಏನು ಮಾಡುವ ಹಾಗಿತ್ತು? ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಮರುದಿನ ಅಂಕಲ್ ಒಪ್ಪಿಗೆ ಕೇಳಿ ರಿವಾಲ್ವರನ್ನು ಮತ್ತೆ ಬಿಚ್ಚಿದೆ. ಎಲ್ಲಾದರೂ, ಯಾವುದಾದರೂ ಮೂಲೆಯಲ್ಲಿ, ಆ ಹುಡುಗನದು ಏನಾದರೂ ಉಳಿದಿರಬಹುದೆಂದು. ಮರದ ಹಿಡಿಯ ಒಳಬದಿಯಲ್ಲಿ ಪೆನ್ಸಿಲ್ಲಿನ ಗುರುತು ಮಾಡುವುದುಂಟು, ಜೋಡಿಸುವವರು ಮಾಡಿಕೊಳ್ಳುತ್ತಾರೆ. ನೋಡಿದೆ. ನಾನೇ ಅದನ್ನು ಒಳಗೂ ಹೊರಗೂ ಉಜ್ಜಿ ಎಣ್ಣೆ ಕುಡಿಸಿದ್ದೆ. ಚೌಕಟ್ಟಿನ ಒಳಗಿನ ಅರದ ಗೀರುಗಳನ್ನು ನೋಡಿದೆ. ಅವನ್ನೂ ನುಣುಪು ಮಾಡಿದ್ದೆ, ಕಾಣದ ಕಡೆಯೂ ಕೆಲಸ ಶುದ್ಧವಾಗಿರಬೇಕೆಂದು. ಅವನ ಹಳೆಯ ಸ್ಪ್ರಿಂಗನ್ನು ಕಸಕ್ಕೆ ಹಾಕಿದ್ದೆ; ಕಸದ ಲಾರಿ ಗುರುವಾರವೇ ಬಂದು ಹೋಗಿತ್ತು. ಆ ಹುಡುಗ ಮುಟ್ಟಿದ್ದ ಒಂದು ಚೂರನ್ನೂ ನಾನು ಬಿಟ್ಟಿರಲಿಲ್ಲ. ಕೆಲಸ ಇಲ್ಲ ಕೆಲಸ ಇಲ್ಲ ಎಂದು ಸಾಯುತ್ತಿದ್ದೆನಲ್ಲ, ಇಲ್ಲಿ ಸಿಕ್ಕ ಒಂದೇ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದೆ.

ಆಮೇಲೆ ಅಂಕಲ್ ಆ ರಿವಾಲ್ವರನ್ನು ಹೊಡೆಯುವ ಮಾತೆತ್ತಲಿಲ್ಲ. ಕೈ ಚೆನ್ನಾಗಿದ್ದ ದಿನಗಳೂ ಇದ್ದವು. ನಾನು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಇವತ್ತು ಬೇಡ ಎನ್ನುತ್ತಿದ್ದರು. ತಿರುಗಿ ಮೆಟ್ಟಿಲು ಹತ್ತುತ್ತಿದ್ದೆ. ಮುನಿಸು ಇರಲಿಲ್ಲ ಅವರಲ್ಲಿ. ನನ್ನನ್ನು ಕಂಡರೆ ಮೊದಲಿನ ಹಾಗೇ ನಗುತ್ತಿದ್ದರು. ಆ ನಗುವನ್ನು ನೋಡಲಾರದೆ ನಾನೇ ಹಿಂಬಾಗಿಲಿನಿಂದ ಓಡಾಡತೊಡಗಿದೆ.

ಎಲೆ ಉದುರುವ ಕಾಲಕ್ಕೆ ಒಂದು ದಿನ ನನ್ನನ್ನು ಕೆಳಗೆ ಕರೆದರು. ಬೆಂಚಿನ ಹತ್ತಿರ ಕ್ಲಬ್ಬಿನ ಒಬ್ಬ ನಿಂತಿದ್ದ. ಹೊಸದಾಗಿ ಸೇರಿದವನು, ಅಂಕಲ್‌ಗೂ ಅಷ್ಟೇನೂ ಪರಿಚಯವಿಲ್ಲ. ಕಾಗದಪತ್ರವೆಲ್ಲ ಮುಗಿದಿತ್ತು. ಅಂಕಲ್ ಆ ರಿವಾಲ್ವರನ್ನು ಅವನಿಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಂಕಲ್, ಯಾಕೆ? ನಿಮ್ಮ ಮಗ ಮಾಡಿದ್ದು!" ಎಂದೆ.

"ಇಷ್ಟು ವರ್ಷ ಇಟ್ಟುಕೊಂಡದ್ದು ಯಾತಕ್ಕೆ ಅಂತ ನಿನಗೆ ಗೊತ್ತು" ಎಂದರು, ಮೆತ್ತಗೆ. "ಈಗ ಅದು ಬರೀ ಒಂದು ರಿವಾಲ್ವರು. ಯಾರಾದರೂ ಹೊಡೆಯಲಿ."

ಬಂದವನಿಗೆ ಇದೊಂದೂ ಗೊತ್ತಿರಲಿಲ್ಲ. ಬಟ್ಟೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಸಿಳ್ಳೆ ಹಾಕಿದ. ಈ ಹಿತ್ತಾಳೆ ಯಾರು ಮಾಡಿದ್ದು ಎಂದು ಕೇಳಿದ. ಅಂಕಲ್ ತಮ್ಮ ನಡುಗುವ ಕೈಯನ್ನು ನನ್ನ ಭುಜದ ಮೇಲಿಟ್ಟು, "ಇವಳೇ. ಇಂಥ ಕೈಯನ್ನು ನಾನು ನನ್ನ ಟೂಲ್ ರೂಮಿನಲ್ಲೂ ಕಂಡಿಲ್ಲ" ಎಂದರು. ಅದರಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ನಿಜವಾಗಿಯೂ ಹೆಮ್ಮೆಯಿಂದಲೇ ಹೇಳಿದರು.

ಅವನು ರಿವಾಲ್ವರನ್ನು ಆ ಬದಿ ಈ ಬದಿ ತಿರುಗಿಸಿ ತಿರುಗಿಸಿ ನೋಡಿದ.

"ಅಬ್ಬಾ, ಹುಡುಕಿದರೂ ಒಂದು ಕಲೆ ಸಿಗೋದಿಲ್ಲ!" ಎಂದ.

ನಾನು ಥ್ಯಾಂಕ್ಯೂ ಎಂದೆ.